ಜಿರಳೆಯ ರೋಮ, ಅತ್ತೆಯ ಪೊರಕೆ

ಜಿರಳೆ ಕಂಡರೆ ಎಲ್ಲರೂ ಕಿರುಚುತ್ತಾರೆ. ನಾನು ಮಾತ್ರ ಬಗ್ಗಿ ನೋಡುತ್ತೇನೆ. ಇದು ಸಂಸಾರಸ್ಥ ಹೆಂಗಸಿಗೆ ಒಪ್ಪುವ ಗುಣವಲ್ಲವೆಂದು ಗೊತ್ತು. ಏನು ಮಾಡಲಿ, ನನ್ನ ಕೆಲಸವೇ ಅಂಥದ್ದು. ಜಿರಳೆಯ ಹಿಂಬದಿಯಲ್ಲಿ ಎರಡು ಪುಟ್ಟ ಕೊಂಬುಗಳಿವೆ, ಅವುಗಳ ತುಂಬ ನವಿರಾದ ರೋಮಗಳು. ನೀವು ಪೊರಕೆ ಬೀಸಿದರೆ ಸಾಕು, ಆ ಗಾಳಿಗೆ ರೋಮ ಬಾಗುತ್ತದೆ, ಜಿರಳೆ ಪರಾರಿ! ಆ ರೋಮದಂತೆಯೇ ಗಾಳಿಗೆ ಬಾಗಿ ಸುದ್ದಿ ಕೊಡುವ, ಸಾಸಿವೆಕಾಳಿಗಿಂತ ಚಿಕ್ಕದಾದ ಸೆನ್ಸರ್ ಮಾಡುವುದು ನನ್ನ ಕೆಲಸ. ಅವಧಿಗೆ ಮುಂಚೆ ಹುಟ್ಟಿದ ಕೂಸುಗಳ ಉಸಿರನ್ನು, ಎಳೆ ಮೈಗೆ ಏನನ್ನೂ ಅಂಟಿಸದೆ ಕಾಯಬೇಕೆಂಬುದು ನನ್ನ ಆಸೆ.

ಆದರೆ ಕಾಲೇಜಿನ ಲ್ಯಾಬಿನಲ್ಲಿ ಆ ಸೆನ್ಸರ್ ಫ್ಯಾನಿನ ಗಾಳಿಗೆಲ್ಲ ಕುಣಿಯುತ್ತಿತ್ತು. ಹಾಗಾಗಿ ಒಂದು ಭಾನುವಾರ ಕೃಷ್ಣಮೂರ್ತಿಪುರಂನ ನಮ್ಮ ಅಡುಗೆಮನೆಗೇ ತಂದೆ. ಅಲ್ಲಿ ಫ್ಯಾನಿಲ್ಲ, ಇರುವುದು ನಮ್ಮತ್ತೆ. ಇಲವಾಲದ ಒಕ್ಕಲು ಮನೆಯ ಹೆಣ್ಣುಮಗಳು, ಜಿರಳೆಯ ವಿಷಯದಲ್ಲಿ ಕರುಣೆಯೆಂಬುದೇ ಇಲ್ಲ. ಕಟ್ಟೆಯ ಮೇಲೆ ಸೆನ್ಸರ್ ಇಟ್ಟು ಲ್ಯಾಪ್‌ಟಾಪಿಗೆ ಜೋಡಿಸಿದೆ. ಗಾಳಿ ಅಲುಗಿದರೆ ಏಳಬೇಕಾದ ಗೆರೆ ಪರದೆಯ ಮೇಲೆ ತಣ್ಣಗೆ ಮಲಗಿತ್ತು. ಅಷ್ಟರಲ್ಲಿ ಸಿಲಿಂಡರಿನ ಹಿಂದಿನಿಂದ ಜಿರಳೆಯೊಂದು ಹೊರಟಿತು, ಅತ್ತೆಯ ಪೊರಕೆಯೂ ಎದ್ದಿತು. ಜಿರಳೆ ತಪ್ಪಿಸಿಕೊಂಡಿತು. ಆದರೆ ಪೊರಕೆ ಅಪ್ಪಳಿಸುವ ಮೊದಲೇ ಗೆರೆ ಚಂಗನೆ ನೆಗೆದಿತ್ತು!

“ಅತ್ತೆ, ಇನ್ನೊಂದ್ಸಲ ಹೊಡೀರಿ!”

“ಅದು ಹೊಂಟೋಯ್ತಲ್ಲೇ.”

“ಇಲ್ದಿದ್ರೂ ಹೊಡೀರಿ! ಜೋರಾಗಿ!”

ಅತ್ತೆ ಬರೀ ಗಾಳಿಗೆ ಬೀಸಿದರು, ಗೆರೆ ನೆಗೆಯಿತು. ಮತ್ತೆ ಬೀಸಿದರು, ಮತ್ತೆ ನೆಗೆಯಿತು. ನಾನು “ಹೊಡೀರಿ, ಹೊಡೀರಿ” ಎಂದು ಕುಣಿಯುತ್ತಿದ್ದಾಗಲೇ ತರಕಾರಿ ತರಲು ಹೋಗಿದ್ದ ನನ್ನ ಗಂಡ ಬಾಗಿಲಲ್ಲಿ ಬಂದು ನಿಂತರು. ಮೆಲ್ಲಗೆ ಚೀಲ ಕೆಳಗಿಟ್ಟು, “ಅಮ್ಮ, ಮೊದ್ಲು ಪೊರಕೆ ಇಳ್ಸು. ಏನೇ ಇದ್ರೂ ಕೂತು ಮಾತಾಡೋಣ” ಎಂದರು.

ಅವರಿಗೆ ವಿವರಿಸುವಷ್ಟು ಪುರಸೊತ್ತು ಯಾರಿಗಿತ್ತು? ಪೊರಕೆಯ ಗಾಳಿ ದೊಡ್ಡದು, ಉಸಿರಿನದು ಸಣ್ಣದು. ನಿಜವಾದ ಪರೀಕ್ಷೆ ಅದೇ. ಅತ್ತೆಯನ್ನು ಕಟ್ಟೆಯತ್ತ ಬಗ್ಗಿಸಿ, ಸುಮ್ಮನೆ ಉಸಿರಾಡಿ ಎಂದೆ. ಗೆರೆ ಮೆಲ್ಲಗೆ ಏರಿತು, ಇಳಿಯಿತು, ಮತ್ತೆ ಏರಿತು.

“ನನ್ನ ಉಸ್ರಾ ಇದು?” ಎಂದರು ಅತ್ತೆ. ಗೆರೆಯ ಜೊತೆ ಬೆರಳಾಡಿಸುತ್ತ, “ಕೂಸಿನ್ದೂ ಇಂಗೇ ಕಾಣ್ತದಾ?” ಎಂದು ಕೇಳಿದರು. ಹೌದೆಂದು ತಲೆಯಾಡಿಸಿದೆ. “ಎಲ್ಲಿ, ಈಗ ನೀನು ಬಾ” ಎಂದು ಜಾಗ ಬಿಟ್ಟರು.

ನಾನು ಬಗ್ಗಿದೆ. ಗೆರೆ ಮಿಸುಕಲಿಲ್ಲ. ವೈರು ಒತ್ತಿದೆ, ಕೀಬೋರ್ಡ್ ಕುಟ್ಟಿದೆ, ಮತ್ತೆ ಬಗ್ಗಿದೆ. ಊಹೂಂ, ಸತ್ತ ಗೆರೆ. ನನ್ನ ಇಷ್ಟೆಲ್ಲ ಸಡಗರ ಅಲ್ಲಿಗೆ ಮುಗಿಯಿತೆಂದುಕೊಂಡೆ. ಅತ್ತೆ ಪರದೆ ನೋಡಲಿಲ್ಲ, ನನ್ನ ಮುಖ ನೋಡಿದರು.

“ಅದಕ್ಕೇನೂ ಆಗಿಲ್ಲ ಕಣಮ್ಮ. ನೀನು ಉಸ್ರು ಬುಡು ಮೊದ್ಲು!”

ಬಿಟ್ಟೆ. ಗೆರೆ ಪರದೆಯಾಚೆಗೇ ನೆಗೆಯಿತು.