ದಶಮಾಂಶದ ಕವರು ಮತ್ತು ಏಕೈಕ ಸಾಕ್ಷಿ

ದೇವರನ್ನು ನಂಬದವನಿಗೂ ದೇವರ ದುಡ್ಡೆಂದರೆ ಎದೆ ನಡುಗುತ್ತದೆ ಎಂಬುದು ನನಗೆ ಗೊತ್ತಾದದ್ದು ಈಚೆಗೆ. ಮೂವತ್ತು ವರ್ಷ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡಿದವನು ನಾನು. ಒಬ್ಬನೇ ಸಾಕ್ಷಿಯ ನೆನಪನ್ನು ಯಾವತ್ತೂ ಪುರಾವೆ ಅನ್ನಬೇಡಿ ಎಂದು ಹುಡುಗರಿಗೆ ಹೇಳಿ ಹೇಳಿ ಗಂಟಲು ಒಣಗಿಸಿಕೊಂಡವನು. ಈಗ ಆ ಒಬ್ಬನೇ ಸಾಕ್ಷಿ ನಾನೇ ಆಗಿದ್ದೇನೆ.

ನನ್ನ ಹೆಂಡತಿ ಸುಗುಣ ವಿಮಾ ಕಚೇರಿಯಲ್ಲಿದ್ದಾಳೆ. ಸಂಬಳ ಬಂದ ದಿನ, ಹಾಲಿನವನಿಗೂ ಮೊದಲು, ಹತ್ತರಲ್ಲೊಂದು ಪಾಲನ್ನು ಬಿಳಿ ಕವರಿಗೆ ಹಾಕಿ ಅಂಟಿಸಿಬಿಡುತ್ತಾಳೆ. ಅದೇ ದಶಮಾಂಶ. ಮಿಕ್ಕ ಒಂಬತ್ತು ಪಾಲಿನಲ್ಲಿ ದೇವರು ನಡೆಸುತ್ತಾನೆ ಎಂಬುದು ಅವಳ ಧೈರ್ಯ. ಕಳೆದ ತಿಂಗಳು ಅವಳ ಕಾಲು ಉಳುಕಿ, ಎಕ್ಸ್‌ರೇ, ಪಟ್ಟಿ ಎಂದು ಖರ್ಚು ಬಂದಾಗ, "ಈ ಸಲ ಬಿಟ್ಟರೆ ದೇವರೇನು ನೋಟೀಸು ಕಳಿಸ್ತಾನಾ?" ಎಂದು ಕೇಳಿದೆ. "ಉಳುಕಿರೋದು ನನ್ನ ಕಾಲು ರೀ, ನಂಬಿಕೆಯಲ್ಲ. ಸುಮ್ಮನೆ ತಗೊಂಡ್ಹೋಗಿ ಹಾಕಿ ಬನ್ನಿ" ಎಂದು ಕವರನ್ನು ನನ್ನ ಜೇಬಿಗೆ ತುರುಕಿದಳು.

ಕ್ರೋಂಪೇಟೆಯ ಚರ್ಚ್ ಹಾಲ್‌ನಲ್ಲಿ ತಮಿಳು ಆರಾಧನೆ ಮುಗಿದ ಮೇಲೆ ನಾವು ನಲವತ್ತು ಮಂದಿ ಕನ್ನಡದವರು ಅಲ್ಲೇ ಸೇರುತ್ತೇವೆ. ಹಾಡುತ್ತಿರುವಾಗ ಕಾಣಿಕೆಯ ಚೀಲ ಸಾಲಿನಿಂದ ಸಾಲಿಗೆ ಬರುತ್ತದೆ. ಅವತ್ತೂ ಬಂದಿರಬೇಕು. ಪಾದ್ರಿಗಳು ಪ್ರಸಂಗದಲ್ಲಿ ಮಾಡಿದ ಒಂದು ತರ್ಕದೋಷ ನನಗೆ ಅಕ್ಷರ ಬಿಡದೆ ನೆನಪಿದೆ. ಅದಕ್ಕೆ ಮನಸ್ಸಿನಲ್ಲೇ ಉತ್ತರ ಕೊಡುತ್ತಿದ್ದದ್ದೂ ನೆನಪಿದೆ. ಚೀಲ ಮಾತ್ರ ನೆನಪಿಲ್ಲ. ವಾಪಸು ಬರುವಾಗ ಲೋಕಲ್ ಟ್ರೇನಿನಲ್ಲಿ ಜೇಬು ಮುಟ್ಟಿಕೊಂಡೆ. ಕವರು ಇರಲಿಲ್ಲ. ಹಾಕಿದೆನೋ, ಬೀಳಿಸಿದೆನೋ, ಯಾರಾದರೂ ಎಗರಿಸಿದರೋ? ಬೆನ್ನು ತಣ್ಣಗಾಯಿತು. ಹಿಂದಿನ ವಾರವಷ್ಟೇ ಕೋಯಂಬೇಡು ತರಕಾರಿ ಮಾರ್ಕೆಟ್ಟಿನಲ್ಲಿ ನುಗ್ಗೆಕಾಯಿ ರಾಶಿಯ ಮುಂದೆ, ಯಾಕೆ ಬಂದೆನೆಂದು ತಿಳಿಯದೆ ಐದು ನಿಮಿಷ ನಿಂತಿದ್ದೆ. ಅದನ್ನು ಯಾರಿಗೂ ಹೇಳಿರಲಿಲ್ಲ.

ಮುಂದಿನ ನಿಲ್ದಾಣದಲ್ಲಿ ಇಳಿದು, ವಾಪಸು ಟ್ರೇನು ಹಿಡಿದು ಮತ್ತೆ ಹಾಲ್‌ಗೆ ಓಡಿದೆ. ಬೆಂಚುಗಳ ಕೆಳಗೆ ಬಗ್ಗಿ ಹುಡುಕಿದೆ. ಖಜಾಂಚಿ ಯೋಹಾನಣ್ಣ ಬೀಗ ಹಾಕಲು ನಿಂತಿದ್ದರು.

"ಯೋಹಾನಣ್ಣ, ನನ್ನ ಕವರು ಬಂತಾ?"

"ಯಾವುದು ಅಂತ ಹೇಳ್ಲಿ ಸಾರ್? ಎಲ್ಲಾ ಒಂದೇ ಥರ ಬಿಳಿ ಕವರು. ಹೆಸರು ಬರೆಯೋ ಪದ್ಧತಿ ನಮ್ಮಲ್ಲಿಲ್ವೇ."

"ಒಳಗಿನ ಮೊತ್ತ ನೋಡಿ ಹೇಳಬಹುದಲ್ಲ?"

"ಎಲ್ಲಾ ಒಡೆದು ಒಂದೇ ತಟ್ಟೆಗೆ ಸುರಿದಾಯ್ತು. ಯಾರದು ಎಷ್ಟು ಅಂತ ನಮಗೆ ತೆರಿಯಾದು ಸಾರ್, ತೆರಿಯಕ್ಕೂಡಾದು. ಗೊತ್ತಾಗ್ಬಾರ್ದು ಅಂತಾನೇ ಹಂಗೆ ಮಾಡಿರೋದು." ಆಮೇಲೆ ನನ್ನ ಮುಖ ನೋಡಿ ನಕ್ಕರು. "ಅಷ್ಟು ಡೌಟಿದ್ರೆ ಇನ್ನೊಂದು ಸಲ ಹಾಕ್ಬಿಡಿ. ದೇವರು ಬೇಡ ಅನ್ನಲ್ಲ."

ಮನೆಗೆ ಬರುವ ದಾರಿಯುದ್ದಕ್ಕೂ ಹೆದರಿಕೆ ಬೆಳೆಯುತ್ತಲೇ ಹೋಯಿತು. ಕೊಡಬೇಡ ಎಂದು ವಾದ ಮಾಡಿದವನು ನಾನೇ. ಕವರು ಕಾಣೆ ಎಂದರೆ ನಾನೇ ಇಟ್ಟುಕೊಂಡೆ ಎಂದುಕೊಳ್ಳುವಳೇನೋ. ಕಳ್ಳ ಅನ್ನಿಸಿಕೊಳ್ಳುವುದೋ, ಮರೆಗುಳಿ ಅನ್ನಿಸಿಕೊಳ್ಳುವುದೋ? ಕಳ್ಳನಾದರೆ ಬುದ್ಧಿಯಾದರೂ ನೆಟ್ಟಗಿದೆ ಎಂದಾಗುತ್ತದೆ. ನಾನು ಗಂಭೀರವಾಗಿಯೇ ಕಳ್ಳನ ಕಡೆಗೆ ವಾಲಿದ್ದೆ.

"ಹಾಕಿದ್ರಾ?" ಸುಗುಣ ಬಾಗಿಲಲ್ಲೇ ಕೇಳಿದಳು. ಹೂಂ ಅನ್ನಲು ಬಾಯಿ ತೆರೆದವನು ಎಲ್ಲವನ್ನೂ ಹೇಳಿಬಿಟ್ಟೆ, ನುಗ್ಗೆಕಾಯಿಯ ಸಮೇತ.

ಅವಳು ಬಯ್ಯಲಿಲ್ಲ. "ಯಾರಿಗೆ ಕೊಟ್ಟಿದ್ದೋ ಅವನಿಗೆ ಗೊತ್ತಿರತ್ತೆ, ಬಿಡಿ" ಎಂದಳು.

"ಅವನಿಗೂ ನೆನಪಿಲ್ಲದಿದ್ದರೆ?"

"ಹಂಗಾದ್ರೆ ನಾಳೇನೇ ಡಾಕ್ಟರ ಹತ್ರ ಹೋಗೋಣ."

"ದೇವರಿಗಾ?"

"ನಿಮಗೆ!" ಎಂದಳು. ನಗಲಿಲ್ಲ. ನನ್ನ ಕೈಯನ್ನು ಹಿಡಿದುಕೊಂಡಳು. ಅವಳ ಬೆರಳುಗಳೂ ತಣ್ಣಗಿದ್ದವು.

ಆಮೇಲೆ ನಾನೇ ಮೆಲ್ಲಗೆ ಕೇಳಿದೆ. "ಸುಗುಣಾ, ನಿಜ ಹೇಳು. ನಾನು ಹಾಕಿರ್ತೀನಾ?"

"ಹಾಕಿರ್ತೀರಿ."

ಅವತ್ತು ಹಾಲ್‌ಗೆ ಕಾಲೇ ಇಡದವಳು, ಚೀಲವನ್ನು ನೋಡದವಳು, ಕಾಲಿಗೆ ಪಟ್ಟಿ ಕಟ್ಟಿಕೊಂಡು ಮನೆಯಲ್ಲೇ ಕೂತಿದ್ದವಳು ಕೊಟ್ಟ ಸಾಕ್ಷಿ ಅದು. ನನ್ನ ವಿದ್ಯಾರ್ಥಿ ಯಾರಾದರೂ ಇಂಥದ್ದನ್ನು ಉತ್ತರಪತ್ರಿಕೆಯಲ್ಲಿ ಬರೆದಿದ್ದರೆ ಸೊನ್ನೆ ಸುತ್ತಿ ಕೆಳಗೆ ಎರಡು ಗೀಟು ಹಾಕುತ್ತಿದ್ದೆ. ನಾನು ಮಾತ್ರ ಮರುಪ್ರಶ್ನೆ ಕೇಳದೆ ನಂಬಿದೆ, ಕೈಕಾಲು ತೊಳೆದು ಬಂದು ಊಟಕ್ಕೆ ಕೂತೆ.