ಬಹಿಷ್ಕಾರಕ್ಕೊಂದು ಹೆಲ್ಮೆಟ್

ಹನ್ನೆರಡನೆಯ ರವಿಕೆಯ ಎಡತೋಳಿಗೆ ಬರುವಷ್ಟರಲ್ಲಿ ಸುಗುಣಳ ಕೇಸರಿ ನೂಲು ಮುಗಿಯಿತು.

ಸಂಜೆ ಐದಕ್ಕೆ ಬ್ರಹ್ಮಾವರದಲ್ಲಿ 'ವೀರವನಿತಾ ದಳ'ದ ಮೆರವಣಿಗೆ. ರವಿಕೆಗಳೆಲ್ಲ ಅದಕ್ಕೇ. ಆ ಬಣ್ಣದ ನೂಲು ಸಿಗುವುದು ಅಲ್ಲಿನ ಹಸನಬ್ಬನ ಬಟ್ಟೆ ಅಂಗಡಿಯಲ್ಲಿ ಮಾತ್ರ. ಆದರೆ ಮುಸ್ಲಿಮರ ಅಂಗಡಿಯಿಂದ ಗುಂಡುಸೂಜಿಯನ್ನೂ ಕೊಳ್ಳುವುದಿಲ್ಲವೆಂದು ದಳದ ಅಧ್ಯಕ್ಷೆ ಉಮಾವತಕ್ಕ ಕಳೆದ ಭಾನುವಾರವಷ್ಟೇ ಎಲ್ಲರಿಂದ ಪ್ರತಿಜ್ಞೆ ಮಾಡಿಸಿದ್ದರು.

ಮನೆಯಲ್ಲಿ ಸುಗುಣಳ ಮಾತಿಗೆ ಬೆಕ್ಕೂ ಕಿವಿ ನಿಮಿರಿಸುತ್ತಿರಲಿಲ್ಲ. ದಳದವರು ಕೈಗೆ ಮೈಕು ಕೊಟ್ಟು 'ಸಹಸಂಚಾಲಕಿ' ಎಂದು ಕರೆದಿದ್ದರು. "ಆ ಜನರನ್ನು ನಂಬಬೇಡಿ" ಎಂದು ಅವಳೂ ಕೂಗಿದ್ದಳು. ಚಪ್ಪಾಳೆ ಬಿದ್ದಿತ್ತು.

ಈಗ ಗಂಡನ ಹೆಲ್ಮೆಟ್ಟಿನೊಳಗೆ ತಲೆ ತೂರಿಸಿ ಸಾಲಿಗ್ರಾಮದಲ್ಲಿ ಬಸ್ಸು ಹತ್ತಿದಳು.

"ಹ್ವಾಯ್ ಅಕ್ಕ, ಬಸ್ಸಂಗೂ ಹೆಲ್ಮೆಟ್ಟಾ?" ಎಂದ ಕಂಡಕ್ಟರ್.

"ತಲಿನೋವು," ಎಂದಳು. ದನಿ ಕೊಡಪಾನದೊಳಗಿಂದ ಬಂದಂತಿತ್ತು.

"ನಮ್ ಡ್ರೈವರ್‌ನ ಕಂಡ್ರೆ ನಂಗೂ ಒಂದ್ ಬೇಕ್ ಅಂತ ಕಾಣತ್ತ್!"

ಇಡೀ ಬಸ್ಸು ನಕ್ಕಿತು.

ಅಂಗಡಿಯಲ್ಲಿ ಹಸನಬ್ಬ ತಲೆಯೆತ್ತಿ ನೋಡಿ, "ಸುಗುಣಕ್ಕ, ಸೆಕೆ ಅಲ್ವಾ, ತೆಗೀರಿ ಮಾರಾಯ್ರೆ," ಎಂದ.

"ನಾನ್ ಸುಗುಣ ಅಲ್ಲ."

"ಆಯ್ತು. ಸುಗುಣಕ್ಕ ಯಾವಾಗ್ಲೂ ತಗೊಳ್ಳುವ ನೂಲೇ ಕೊಡ್ಲಾ?"

ಹದಿನೈದು ವರ್ಷದಿಂದ ಅವಳ ಬಟ್ಟೆಗೆ ನೂಲು ಹೊಂದಿಸಿಕೊಟ್ಟವನು. ಹೆಲ್ಮೆಟ್ಟಿನೊಳಗೆ ಸುಗುಣಳ ಮುಖ ಬೆವರಿತು. ಸೆಕೆಗೋ ನಾಚಿಕೆಗೋ ಅವಳಿಗೇ ತಿಳಿಯಲಿಲ್ಲ. ನೂಲು ಹಿಡಿದು ಹೊಸ್ತಿಲು ದಾಟಿದಳು.

ಎದುರಿಗೇ ಉಮಾವತಕ್ಕ! ಹಿಂದೆ ಮೆರವಣಿಗೆಯ ಫಲಕಗಳೊಂದಿಗೆ ನಾಲ್ವರು ವೀರವನಿತೆಯರು.

"ಯಾರದ್? ತೆಗಿ ಹೆಲ್ಮೆಟ್!"

ತೆಗೆಯಲು ಹೋದರೆ ಕಿವಿಯೋಲೆ ಸಿಕ್ಕಿಕೊಂಡಿತು. ಇಬ್ಬರು ಹೆಗಲು ಹಿಡಿದರು, ಇಬ್ಬರು ಹಲಸಿನಕಾಯಿ ಕೀಳುವಂತೆ ಎಳೆದರು. ಹೊರಬಂದ ಮುಖ ಕಂಡು ಉಮಾವತಕ್ಕ ಎದೆ ಬಡಿದುಕೊಂಡರು.

"ಅಯ್ಯಯ್ಯೋ, ಸುಗುಣ! ಸಹಸಂಚಾಲಕಿಯೇ ಹೀಂಗ್ ಮಾಡುದಾ?"

"ನಿಮ್ದೇ ರವಿಕಿಗೆ ಅಕ್ಕ, ಎಡಗೈ ಒಂದ್ ಬಾಕಿ..."

"ಮಾತಾಡ್ಬೇಡ! ಧರ್ಮಕ್ಕಿಂತ ತೋಳ್ ದೊಡ್ದಾ?"

ಅಲ್ಲೇ ತೀರ್ಪಾಯಿತು. ಪದವಿ ಹೋಯಿತು. ಸಾಕ್ಷಿಗೆಂದು ಹೆಲ್ಮೆಟ್ಟು ಉಮಾವತಕ್ಕನ ಕೈ ಸೇರಿತು. ಪ್ರಾಯಶ್ಚಿತ್ತಕ್ಕೆ, ಮೆರವಣಿಗೆ ಹೊರಡುವವರೆಗೆ ಸುಗುಣ ಇದೇ ಅಂಗಡಿಯ ಬಾಗಿಲಲ್ಲಿ 'ಇಲ್ಲಿ ವ್ಯಾಪಾರ ಮಾಡಬೇಡಿ' ಎಂಬ ಫಲಕ ಹಿಡಿದು ನಿಲ್ಲಬೇಕು.

ಅವರು ಹೋದರು. ಸುಗುಣ ನಿಂತಳು. ಹಸನಬ್ಬ ಒಳಗಿಂದ ಸ್ಟೂಲು ತಂದಿಟ್ಟ.

"ಕಾಲು ನೋವಾಗ್ತದೆ, ಕೂತ್ಕೊಳ್ಳಿ. ಫಲಕ ಸ್ವಲ್ಪ ಆಚೆ ಹಿಡೀರಿ ಅಕ್ಕ, ಗಾಳಿ ಬರ್ಲಿ."

ಸುಗುಣಳಿಗೆ ಅಳು ಒತ್ತರಿಸಿ ಬಂತು. ಇನ್ನು ಈ ದಳದ ಸಹವಾಸವೇ ಬೇಡ, ಫಲಕವನ್ನು ಇಲ್ಲೇ ಮುರಿದು ಮನೆಗೆ ಹೋಗುತ್ತೇನೆಂದು ಏಳುವಷ್ಟರಲ್ಲಿ ಪಕ್ಕದ ಓಣಿಯಿಂದ ದಪ್ಪನೆಯ ಹೆಂಗಸೊಬ್ಬಳು ಸರಸರ ಬಂದಳು. ತಲೆಯ ಮೇಲೆ ಸುಗುಣಳ ಗಂಡನದೇ ಹೆಲ್ಮೆಟ್ಟು.

"ದಾರಿ ಬಿಡ್ ಸುಗುಣ," ಎಂದಿತು ಒಳಗಿನ ದನಿ. "ಬ್ಯಾನರಿಗೆ ನಾಲ್ಕ್ ಮೀಟರ್ ಬಟ್ಟಿ ಕಮ್ಮಿ ಬಂತ್. ಯಾರಾರೂ ಬಂದ್ರೆ ಒಂಚೂರ್ ಕೆಮ್ಮ್."