ಮೈ ತುಂಬಿಕೊಂಡ ಬ್ಯಾಟರಿ

ನಾನು ಡಿಗ್ರಿ ಮುಗಿಸುವುದು ಆಗದ ಮಾತು ಎಂದಿದ್ದವರು ನಮ್ಮ ಸೋದರಮಾವ. ಮುಗ್ಗರಿಸಿ ಮುಗ್ಗರಿಸಿಯಾದರೂ ನಮ್ಮ ಮನೆತನದ ಮೊದಲ ಬಿ.ಎಸ್ಸಿ. ಆದೆ, ಅದೂ ರಸಾಯನಶಾಸ್ತ್ರದಲ್ಲಿ. ನಲವತ್ತು ದಾಟಿದ ಮೇಲೆ ನೆಲದಲ್ಲಿ ನಿಂತು ರಿಮೋಟಿನಲ್ಲಿ ಹಾರಿಸುವ, ಮೋಟಾರಿನ ಪುಟ್ಟ ಗ್ಲೈಡರ್ ವಿಮಾನ ಕೊಂಡಾಗ ಅವರೇ ಮತ್ತೆ, "ಗಾಳಿಪಟಾನೇ ನೆಟ್ಟಗೆ ಹಾರಿಸಿದವನಲ್ಲ ನೀನು, ಇದು ಹಾರೋದುಂಟಾ?" ಎಂದರು. ಕಷ್ಟಪಟ್ಟು ಓದಿದವನಿಗೆ ಇಂಥ ಮಾತು ಟಾನಿಕ್ಕು.

ಆದರೆ ಓದು ಎಲ್ಲ ಹೊತ್ತಿನಲ್ಲೂ ಜೊತೆಗೆ ಬರುವುದಿಲ್ಲ. ಜೆ.ಪಿ. ನಗರದಲ್ಲಿ ಈ ಹವ್ಯಾಸ ಬಿಡುತ್ತಿದ್ದ ಒಬ್ಬರು ತಮ್ಮ ಎರಡು ಹಳೆಯ ಲಿಥಿಯಂ ಬ್ಯಾಟರಿಗಳನ್ನು ಮುಂದಿಟ್ಟು, "ಯಾವುದು ಬೇಕೋ ತಗೊಳ್ಳಿ ಸಾರ್" ಎಂದಾಗ ನನ್ನೊಳಗೆ ಎಚ್ಚರವಾದದ್ದು ರಸಾಯನಶಾಸ್ತ್ರವಲ್ಲ, ಜಯನಗರದ ಮಾರ್ಕೆಟ್ಟಿನಲ್ಲಿ ಅಮ್ಮ ಕಲಿಸಿದ ತರಕಾರಿ ಶಾಸ್ತ್ರ: ಸೊರಗಿದ್ದು ಬೇಡ, ಮೈ ತುಂಬಿಕೊಂಡದ್ದನ್ನು ಆರಿಸು. ಚಪ್ಪಟೆಯದನ್ನು ಬಿಟ್ಟು ದುಂಡಗಿನದನ್ನು ತಂದೆ. ಮನೆಗೆ ಬಂದ ಹೊಸ ವಸ್ತುವೆಂದು ಅಮ್ಮ ಅದನ್ನು ದೇವರ ಮುಂದಿಟ್ಟು, ಕುಂಕುಮವಿಟ್ಟು, ಪಕ್ಕದಲ್ಲೇ ದೀಪ ಹಚ್ಚಿದರು. ನಾನು ಭಕ್ತಿಯಿಂದ ಕೈ ಮುಗಿದೆ.

ಮರುದಿನ ಮೈದಾನದಲ್ಲಿ, ನಮಗೆ ಹಾರಿಸಲು ಕಲಿಸುವ ಮೇಡಂ ಅದನ್ನು ಕಂಡು ಹೌಹಾರಿದರು. "ಏನ್ರೀ ಇದು, ಬ್ಯಾಟರಿನಾ ಪೂರಿನಾ? ಒಳಗೆ ಗ್ಯಾಸ್ ತುಂಬ್ಕೊಂಡಿದೆ, ಯಾವಾಗ ಬೇಕಾದ್ರೂ ಹೊತ್ಕೊಳ್ಳುತ್ತೆ! ನೀವು ಓದಿರೋದೇನು?" ಕೆಮಿಸ್ಟ್ರಿ ಎನ್ನಲು ನಾಲಿಗೆ ಏಳಲಿಲ್ಲ. "ಏನೋ ಸೈನ್ಸ್ ಮೇಡಂ" ಎಂದೆ. ವಿಷಯ ತಿಳಿದ ಅಮ್ಮ ಬಾಗಿಲಲ್ಲೇ ತೀರ್ಪು ಕೊಟ್ಟರು: "ಇನ್ನೊಂದ್ಸಲ ಬೆಂಕಿ ಅನ್ನೋ ಮಾತು ಬಂತೋ, ನಿನ್ ವಿಮಾನ ಗುಜರಿಗೆ!"

ಹೀಗಾಗಿ ಹೊಸ ಬ್ಯಾಟರಿಯನ್ನು ಮೇಡಂ ಎದುರಿಗೇ ಆರಿಸಿದೆ. ಮೈ ಸಪಾಟಾಗಿದೆಯೇ, ಒಳಗಿನ ಸೆಲ್ಲುಗಳ ವೋಲ್ಟೇಜು ಸಮನಾಗಿದೆಯೇ, ಮೋಟಾರು ಕೇಳಿದ್ದಕ್ಕಿಂತ ಹೆಚ್ಚು ಕರೆಂಟು ಕೊಡುವ ತಾಕತ್ತಿದೆಯೇ ಎಂದು ಹೆಣ್ಣು ನೋಡಲು ಹೋದವರಿಗಿಂತ ಹೆಚ್ಚು ವಿಚಾರಿಸಿದೆ. ಬಾಲ್ಕನಿಯ ಬರಿನೆಲದ ಮೇಲೆ ಚಾರ್ಜಿಗಿಟ್ಟು, ಒಲೆ ಮೇಲಿನ ಹಾಲು ಕಾಯುವವನಂತೆ ಕದಲದೆ ಕೂತೆ.

ಭಾನುವಾರ ಗ್ಲೈಡರ್ ಮೇಲೇರಿತು. ಮೋಟಾರು ನಿಲ್ಲಿಸಿದ ಮೇಲೂ ಹದ್ದಿನಂತೆ ತೇಲಿ, ಮೆಲ್ಲಗೆ ಹುಲ್ಲಿನ ಮೇಲಿಳಿಯಿತು. ಓಡಿಹೋಗಿ ಬ್ಯಾಟರಿ ಮುಟ್ಟಿದೆ. ತುಸು ಬೆಚ್ಚಗಿತ್ತು, ಅಷ್ಟೆ. ಡಿಗ್ರಿ ರಿಸಲ್ಟ್ ಬಂದ ದಿನವೂ ಅಷ್ಟು ನಿರಾಳವಾಗಿ ಉಸಿರು ಬಿಟ್ಟವನಲ್ಲ ನಾನು. ಇನ್ನು ಒಬ್ಬನೇ ಹಾರಿಸಬಹುದೆಂದು ಮೇಡಂ ಸರ್ಟಿಫಿಕೇಟು ಕೊಟ್ಟರು.

ಮನೆಗೆ ಬಂದು ಅದನ್ನು ಅಮ್ಮನ ಕೈಗಿಟ್ಟೆ. ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಏನಂತ ಬರ್ದಿದಾರೋ?"

"ಚೆನ್ನಾಗಿ ಹಾರಿಸ್ತೀನಿ ಅಂತ."

"ಹಾರ್ಸೋದು ಇರ್ಲಿ. ಮನೆ ಸುಡಲ್ಲ ಅಂತಾನೂ ಒಂದು ಬರೆಸ್ಕೊಂಡು ಬಾ, ಅದಕ್ಕೆ ಫ್ರೇಮ್ ಹಾಕ್ಸೋಣ."